ಗಾಯ ಕಂಡಾಗ ಕೇಳಬೇಕಾದದ್ದು

ಮಾನ್ಯ ಸಂಪಾದಕರೇ,

ಸಾಯುವ ಉದ್ದೇಶವಿಲ್ಲದೆ ತಮ್ಮ ದೇಹಕ್ಕೆ ತಾವೇ ಗಾಯ ಮಾಡಿಕೊಳ್ಳುವ ಹದಿಹರೆಯದವರು ಚಿಕಿತ್ಸೆಗೆ ಬಂದಾಗ 'ಇನ್ನು ಮಾಡಲ್ಲ' ಎಂದು ಬರೆಸಿಕೊಂಡು ಕಳಿಸುವುದುಂಟು. ಇದರಿಂದ ಮಕ್ಕಳು ಗಾಯ ಮುಚ್ಚಿಡುವುದನ್ನು ಕಲಿಯುತ್ತಾರೆ, ಅಷ್ಟೇ.

ಪೋಷಕರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಮಾತಾಡಬೇಕು. ಜೀವಕ್ಕೆ ಅಪಾಯ ಕಂಡರೆ ಮನೆಯವರಿಗೆ ಹೇಳಬೇಕಾಗುತ್ತದೆ ಎಂಬುದನ್ನು ಆರಂಭದಲ್ಲೇ ತಿಳಿಸಬೇಕು. ಕೊನೆಗೆ ಹೇಳಿದರೆ ಮಗುವಿನ ನಂಬಿಕೆ ಹೋಗುತ್ತದೆ. ಯಾವಾಗ ಶುರುವಾಯಿತು, ಕಳೆದ ತಿಂಗಳು ಎಷ್ಟು ದಿನ, ಗಾಯಕ್ಕೆ ವೈದ್ಯರ ಆರೈಕೆ ಬೇಕಾಯಿತೇ ಎಂಬುದನ್ನು ಬೇಗ ಕೇಳಬಹುದು. ಸಮಯ ಕೊಡಬೇಕಾದದ್ದು ಇತ್ತೀಚಿನ ಒಂದು ಘಟನೆಗೆ: ಅದಕ್ಕೂ ಮುಂಚೆ ಏನಾಯಿತು, ಆಗ ಮನಸ್ಸಿನಲ್ಲಿ ಏನಿತ್ತು, ಆಮೇಲೆ ಏನು ಬದಲಾಯಿತು. ಸಂಕಟ ತಗ್ಗಿಸಲೋ, ಮರಗಟ್ಟಿದ ಭಾವ ಕಳೆಯಲೋ, ತನ್ನನ್ನು ಶಿಕ್ಷಿಸಿಕೊಳ್ಳಲೋ ಎಂದು ತಿಳಿಯದೆ ಚಿಕಿತ್ಸೆಗೆ ದಿಕ್ಕು ಸಿಗದು. 'ಗಮನ ಸೆಳೆಯಲು ಮಾಡ್ತಾರೆ' ಎನ್ನುವವರು ಗಮನಿಸಲಿ, ಬಹುತೇಕ ಮಕ್ಕಳು ಇದನ್ನು ಬಚ್ಚಿಡುತ್ತಾರೆ. ತೋಳು ತೋರಿಸು ಎಂದು ಗದರಿಸುವುದಂತೂ ಬೇಡವೇ ಬೇಡ.

'ಸಾಯಬೇಕು ಅನ್ನಿಸಿತ್ತಾ?' ಎಂದು ಪ್ರತಿ ಭೇಟಿಯಲ್ಲೂ ನೇರವಾಗಿ, ಪ್ರತ್ಯೇಕವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟೀತೆಂಬ ಭಯಕ್ಕೆ ಆಧಾರವಿಲ್ಲ. ಗಾಯ ಚಿಕ್ಕದೆಂದು ನಿರಾಳವಾಗುವಂತಿಲ್ಲ: ಉದ್ದೇಶ ವಾರದೊಳಗೆ ಬದಲಾಗಬಹುದು, ಇಂಥ ಮಕ್ಕಳಲ್ಲಿ ಮುಂದೆ ಆತ್ಮಹತ್ಯೆ ಯತ್ನದ ಅಪಾಯವೂ ಹೆಚ್ಚು.

ಇದಕ್ಕೆಲ್ಲ ಬಾಗಿಲು ಮುಚ್ಚಬಹುದಾದ ಒಂದು ಕೋಣೆ ಬೇಕು. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಅದನ್ನು ಒದಗಿಸಬೇಕೆಂದು ಆರೋಗ್ಯ ಇಲಾಖೆಯನ್ನು ಕೋರುತ್ತೇವೆ. ತುರ್ತಾಗಿ ಮಾತಾಡಬೇಕೆನಿಸಿದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಲಭ್ಯ.

– ಮಕ್ಕಳ ಆಪ್ತಸಮಾಲೋಚಕರು, ಮೈಸೂರು