ಕಾಡತೂಸಿನ ಜಿಡ್ಡು ಬದಲಾಗಿದೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೆ,

1857ರ ಸಿಪಾಯಿ ದಂಗೆಯ ನಾಟಕ, ಪ್ರದರ್ಶನಗಳಿಗೆ ನೀವು ನಮ್ಮಿಂದ ಒಯ್ಯುವ ಎನ್‌ಫೀಲ್ಡ್ ಬಂದೂಕಿನ ಅಣಕು ಕಾಡತೂಸಿಗೆ (ಗುಂಡು, ಮದ್ದು ತುಂಬುವ ಕಾಗದದ ಕೊಳವೆಗೆ) ಇನ್ನು ತುಪ್ಪ ಬೆರೆತ ಮೇಣ ಇರುವುದಿಲ್ಲ, ಬರೀ ಜೇನುಮೇಣ ಇರುತ್ತದೆ. ಹತ್ತರ ಕಟ್ಟಿಗೆ 40 ರೂಪಾಯಿ ಹೆಚ್ಚಾಗಲಿದೆ.

ಕಲ್ಕತ್ತೆ ಬಳಿಯ ಡಂಡಂನಲ್ಲಿ ಕಾಡತೂಸಿನ ಜಿಡ್ಡು ದನ, ಹಂದಿಯ ಕೊಬ್ಬಿನದೆಂಬ ಗುಮಾನಿ ಎದ್ದ ಮೇಲೆ, ಸಿಪಾಯಿಗಳು ತಾವೇ ತುಪ್ಪ ಮೇಣ ಹಚ್ಚಿಕೊಳ್ಳಬಹುದು ಎಂದು 1857ರ ಜನವರಿಯಲ್ಲಿ ಸರಕಾರ ಒಪ್ಪಿತ್ತು. ಅದನ್ನೇ ನಾವು ಹಿಡಿದಿದ್ದೆವು. ಆದರೆ ನಮ್ಮ ಬೇಸಗೆಗೆ ತುಪ್ಪ ಕರಗಿ ಕಾಗದದೊಳಗೆ ಮೇಲೇರುತ್ತದೆ. ಕೊಳವೆ ಎಣ್ಣೆಕಾಗದದಂತೆ ಪಾರದರ್ಶಕವಾಗುತ್ತದೆ, ಕಟ್ಟು ಒಂದಕ್ಕೊಂದು ಅಂಟುತ್ತದೆ, ಇರುವೆ ಮುತ್ತುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಎನ್‌ಫೀಲ್ಡ್ ಕಾಡತೂಸಿನಲ್ಲಿ ಗುಂಡು ಕೆಳಗೆ, ಮದ್ದು ಮೇಲೆ, ತುದಿಯಲ್ಲಿ ಕಾಗದದ ತಿರುಚು. ಜಿಡ್ಡು ಗುಂಡಿರುವ ಕೆಳಭಾಗಕ್ಕೆ ಮಾತ್ರ. ಸಿಪಾಯಿ ಹಲ್ಲಿನಿಂದ ಹರಿಯುತ್ತಿದ್ದುದು ಒಣಗಿದ ಮೇಲ್ತುದಿಯನ್ನು. ಬಂಗಾಳದ ಬಹರಾಂಪುರದಲ್ಲಿ ಫೆಬ್ರವರಿ 26ರಂದು 19ನೇ ಪಲ್ಟಣ ಸಂಶಯಪಟ್ಟದ್ದು ಕಾಗದವನ್ನೇ. ಆ ದೃಶ್ಯದಲ್ಲಿ ನಟ ಕಾಗದವನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ ನೋಡುತ್ತಾನೆ. ಬೆರಳಿಗೆ ನಿಜವಾಗಿಯೂ ಎಣ್ಣೆ ಹತ್ತಿದರೆ ಸಂಶಯ ಹೋಗಿ ಸಾಕ್ಷಿಯೇ ಸಿಕ್ಕಂತಾಗುತ್ತದೆ, ದೃಶ್ಯದ ಜೀವವೇ ಹೋಗುತ್ತದೆ. ಮೇಲ್ತುದಿ ಒಣಗಿರಲೇಬೇಕು.

ಜೇನುಮೇಣ ಕರಗಲು ಸುಮಾರು 63 ಡಿಗ್ರಿ ಶಾಖ ಬೇಕು. ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಮೇಣವನ್ನು 75 ಡಿಗ್ರಿಗೆ ತಂದು, ಗುಂಡಿನ ಭಾಗವನ್ನು ಒಂದಂಗುಲದಷ್ಟು ಒಮ್ಮೆ ಅದ್ದಿ ತೆಗೆದು, ಗುಂಡು ಕೆಳಗಾಗಿ ತೂಗುಹಾಕುತ್ತೇವೆ. ಹೆಚ್ಚು ಕಾದರೆ ಮೇಣ ನೀರಾಗಿ ಕಾಗದ ಹೀರಿಕೊಳ್ಳುತ್ತದೆ. ಕಡಿಮೆಯಾದರೆ ದಪ್ಪಗೆ ಕೂತು ಬಿರುಕು ಬಿಡುತ್ತದೆ. ಚಳಿಗಾಲದಲ್ಲಿ ಮೇಲೆ ಬಿಳಿ ಪುಡಿಯಂಥದ್ದು ಕಂಡರೆ ಬೂಸಲು ಎಂದು ಎಸೆಯಬೇಡಿ. ಅದು ಮೇಣದ ಗುಣ, ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ಒಳಗಿನದು ಮೊದಲಿನಂತೆಯೇ: ಮರದ ಗುಂಡು, ಮದ್ದಿನ ಬದಲು ಒಂದು ಟೀ ಚಮಚ ಹುರಿದ ರಾಗಿ. ಬಾಯಿಗೆ ಬಿದ್ದರೂ ಚಿಂತೆಯಿಲ್ಲ, ಸುರಿಯುವಾಗ ದೂರದಿಂದ ಮದ್ದಿನಂತೆಯೇ ಕಾಣುತ್ತದೆ. ಆದರೆ ಸಿಡಿಯುವ ಯಾವ ಕೋವಿಗೂ, ಮನೆಯ ಲೈಸೆನ್ಸ್ ಕೋವಿಗೂ, ಇದನ್ನು ತುಂಬಬೇಡಿ. ಮರದ ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡರೆ ಮುಂದಿನ ಈಡಿಗೆ ನಳಿಗೆಯೇ ಒಡೆಯಬಹುದು.

ಸಂಗೊಳ್ಳಿ ರಾಯಣ್ಣನ ನಾಟಕಕ್ಕೆ ಹಲವರು ಮೇಣದ ಕಾಡತೂಸನ್ನೇ ಕೇಳುತ್ತೀರಿ. ರಾಯಣ್ಣ ಗಲ್ಲಿಗೇರಿದ್ದು 1831ರಲ್ಲಿ, ಎನ್‌ಫೀಲ್ಡ್ ಬಂದದ್ದು 1853ರ ಮಾದರಿಯಾಗಿ. ಅವನ ಕಾಲದ ಬ್ರೌನ್ ಬೆಸ್ ಬಂದೂಕಿಗೆ ದುಂಡು ಗುಂಡಿನ, ಜಿಡ್ಡಿಲ್ಲದ, ದಾರ ಕಟ್ಟಿದ ಕಾಡತೂಸು ಬೇಕು. ಆರ್ಡರ್ ಕೊಡುವಾಗ ನಾಟಕ ಯಾವ ಕಾಲದ್ದೆಂದು ತಿಳಿಸಿ.

ತುಪ್ಪದ ಹಳೆಯ ಕಟ್ಟುಗಳು ಒಡೆಯದೆ ಉಳಿದಿದ್ದರೆ ವಾಪಸ್ ಕಳಿಸಿ, ಬೆಲೆ ವ್ಯತ್ಯಾಸ ಕೇಳದೆ ಹೊಸದನ್ನು ಕೊಡುತ್ತೇವೆ.

ಇಂತಿ,
ನಿಮ್ಮ ರಂಗಸಾಮಗ್ರಿ ಸಹಕಾರಿ ಬಳಗ