ಆ ‘ಅಂದಮೇಲೆ’ಯನ್ನು ತೆಗೆದುಬಿಡು

ಪ್ರೀತಿಯ ತಮ್ಮಾ,

ಯೆಹೂದಿ ಧರ್ಮದಲ್ಲಿ ಬಹುಪತ್ನಿತ್ವದ ಬಗ್ಗೆ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಕಷ್ಟಪಟ್ಟು ಓದಿಕೊಂಡು ಬರೆದಿದ್ದೀಯ, ಖುಷಿಯಾಯಿತು. ಆದರೆ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. ಯೆಹೂದಿಗಳ ಮೂಲ ಧರ್ಮಗ್ರಂಥವಾದ ತೋರಾ ಬಗ್ಗೆ “ತೋರಾ ಒಪ್ಪಿದೆ, ಅಂದಮೇಲೆ ಅದೇ ಅದರ ಆದರ್ಶ” ಎಂದಿದ್ದೀಯ. ಆ ‘ಅಂದಮೇಲೆ’ ಇದೆಯಲ್ಲ, ತೊಡಕು ಅಲ್ಲೇ ಇದೆ.

ಒಪ್ಪಿದ್ದು ನಿಜ. ಅದನ್ನು ಮುಚ್ಚಿಡಬೇಡ. ಸಾಕುವ ಶಕ್ತಿಯಿದ್ದರೆ ಎಷ್ಟು ಜನರನ್ನಾದರೂ ಮದುವೆಯಾಗಬಹುದು ಎಂದು ಯೆಹೂದಿ ಧರ್ಮಗುರುಗಳ (ರಬ್ಬಿಗಳ) ಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿ ರಾವಾ ಎಂಬ ಗುರು ಹೇಳುತ್ತಾರೆ. ಆದರೆ ಅದೇ ಪುಟದಲ್ಲಿ ರಬ್ಬಿ ಅಮ್ಮಿ ಒಪ್ಪುವುದಿಲ್ಲ. ಎರಡನೆಯವಳನ್ನು ತಂದವನು ಮೊದಲನೆಯವಳನ್ನು ಬಿಡುಗಡೆ ಮಾಡಿ, ಮದುವೆಪತ್ರದಲ್ಲಿ ಬರೆದುಕೊಟ್ಟ ಹಣವನ್ನೂ ಕೊಡಬೇಕು ಎನ್ನುತ್ತಾರೆ. ನೀನು ರಾವಾ ಮಾತನ್ನು ಮಾತ್ರ ತಗೊಂಡಿದ್ದೀಯ. ಇನ್ನೊಂದನ್ನೂ ಹಾಕು.

ತೋರಾದಲ್ಲೇ ಇರುವ ಧರ್ಮೋಪದೇಶಕಾಂಡದ 21ನೇ ಅಧ್ಯಾಯವನ್ನು ನಿಧಾನವಾಗಿ ಓದು. ಇಬ್ಬರು ಹೆಂಡತಿಯರಿದ್ದು, ಒಬ್ಬಳ ಮೇಲೆ ಪ್ರೀತಿ, ಇನ್ನೊಬ್ಬಳನ್ನು ಕಂಡರೆ ಆಗದು ಅಂತಿದ್ದರೆ ಏನು ಮಾಡಬೇಕು ಎಂದು ಅದು ಹೇಳುತ್ತದೆ. ಇಬ್ಬರನ್ನು ಕಟ್ಟಿಕೋ ಎಂದು ಅಲ್ಲಿಲ್ಲ. ಬೇಡವಾದವಳ ಮಗನೇ ಚೊಚ್ಚಲಾದರೆ ಅವನ ಎರಡು ಪಾಲನ್ನು ಕಿತ್ತುಕೊಳ್ಳಬೇಡ, ಅಷ್ಟೇ ಮಾತು. ಅಂಥ ಮನೆಯಲ್ಲಿ ಏನು ನಡೆಯುತ್ತದೆಂದು ಬಲ್ಲವರು ಬರೆದ ಕಾನೂನು ಅದು.

ಇನ್ನು ಬೈಬಲಿನ ಸಮುವೇಲನ ಪುಸ್ತಕದಲ್ಲಿ ಬರುವ ಪೂಜಾಸ್ಥಳ ಶೀಲೋಗೆ ಹೋಗು. ಪೆನಿನ್ನ, ಹನ್ನ ಎಂಬ ಇಬ್ಬರು ಹೆಂಡತಿಯರ ಗಂಡ ಎಲ್ಕಾನ ಬಲಿಯ ಮಾಂಸ ಹಂಚುತ್ತಿದ್ದಾನೆ. ಪೆನಿನ್ನಳಿಗೆ, ಅವಳ ಮಕ್ಕಳಿಗೆಲ್ಲ ಪಾಲು. ಮಕ್ಕಳಿಲ್ಲದ ಹನ್ನಳಿಗೆ ವಿಶೇಷವಾದ ಒಂದು ಪಾಲು. ಗಂಡನಿಗೆ ಇವಳ ಮೇಲೇ ಪ್ರೀತಿ ಜಾಸ್ತಿ. ಆದರೂ ವರ್ಷವರ್ಷವೂ ಸವತಿಯ ಚುಚ್ಚುಮಾತು. ಹನ್ನ ಅಳುತ್ತಾಳೆ, ಊಟ ಮುಟ್ಟುವುದಿಲ್ಲ. ಇಲ್ಲಿ ಸವತಿಗಿರುವ ಹೀಬ್ರೂ ಪದ ‘ತ್ಸಾರಾ’. ಅದೇ ಪದಕ್ಕೆ ಸಂಕಟ ಎಂಬ ಅರ್ಥವೂ ಇದೆ. ‘ಸವತಿ’ ಅಂದಕೂಡಲೇ ನಮ್ಮ ಕಿವಿಗೂ ಏನೇನು ಕೇಳಿಸುತ್ತದೆ, ಅಲ್ವಾ? ಹಾಗಾಗಿ ನಿನ್ನ ಓದುಗರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಸುಮ್ನೆ ಆ ತಟ್ಟೆಯನ್ನು ತೋರಿಸು.

ಹಾಗಂತ ಇನ್ನೊಂದು ಬದಿಗೂ ವಾಲಬೇಡ. ಧರ್ಮ ಮೊದಲಿನಿಂದಲೂ ಇದನ್ನು ವಿರೋಧಿಸಿತ್ತು ಎಂದು ಬರೆದರೆ ಅದೂ ಸುಳ್ಳೇ. ಜರ್ಮನಿಯ ಮೈಂಟ್ಸ್‌ನ ರಬ್ಬಿ ಗೆರ್ಶೋಮ್ ಅವರ ಹೆಸರಿನ ನಿಷೇಧ ಬಂದದ್ದು ಸುಮಾರು ಕ್ರಿ.ಶ. 1000ದಲ್ಲಿ. ಯೆಮೆನ್‌ನ ಯೆಹೂದಿಗಳು ಅದನ್ನು ಒಪ್ಪಿಕೊಳ್ಳಲೇ ಇಲ್ಲ. 1949–50ರಲ್ಲಿ ಇಸ್ರೇಲಿಗೆ ಬಂದಾಗಲೂ ಅವರಲ್ಲಿ ಕೆಲವರಿಗೆ ಇಬ್ಬರು ಹೆಂಡತಿಯರಿದ್ದರು.

ನಿನ್ನ ಲೇಖನದಲ್ಲಿ ಗಂಡಸರ ವಾದವೇ ತುಂಬಿದೆ. ಪ್ರಾಚೀನ ಕಾಲದ ಯೆಹೂದಿ ಹೆಂಗಸು ಬಬಾಥಾಳನ್ನು ಕರೆತಾ. 1961ರಲ್ಲಿ ಮೃತ ಸಮುದ್ರದ ಹತ್ತಿರದ ಗುಹೆಯೊಂದರಲ್ಲಿ ಅವಳ ಕಾಗದಪತ್ರಗಳ ಗಂಟು ಸಿಕ್ಕಿತು. ಗಂಡ ತೀರಿಹೋದ ಮೇಲೆ, ಕ್ರಿ.ಶ. 131ರಲ್ಲಿ, ಅವನ ಮನೆಯ ಸಾಮಾನಿಗಾಗಿ ಅವಳಿಗೂ ಸವತಿ ಮಿರಿಯಮ್‌ಗೂ ವ್ಯಾಜ್ಯ ಬಿದ್ದಿತ್ತು. ಗುಹೆ ಸೇರುವಾಗಲೂ ಆ ಪತ್ರಗಳನ್ನು ಬಿಡದೆ ಜೋಪಾನವಾಗಿ ಒಯ್ದಿದ್ದಾಳೆ. ಲೇಖನವನ್ನು ಆ ಗಂಟಿನಿಂದ ಶುರು ಮಾಡಿ ನೋಡು. ತಿದ್ದಿದ ಮೇಲೆ ನನಗೆ ಕಳಿಸು, ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ