ಅರ್ಧ ಸೆಕೆಂಡಿನ ಮೇಲೆ ಇಷ್ಟೊಂದು ಭಾರ ಹೊರಿಸಬೇಡಿ

ಕಿರಿಯ ಮಿತ್ರರಿಗೆ ನಮಸ್ಕಾರ,

ನಿಮ್ಮ ಪ್ರಬಂಧ ಓದಿದೆ. ಭಾಷೆ ಚುರುಕಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಸ್ವತಂತ್ರ ಇಚ್ಛೆ ಬರೀ ಭ್ರಮೆ ಎಂದು ವಿಜ್ಞಾನ ಸಾಬೀತುಪಡಿಸಿದೆ’ ಎಂಬಲ್ಲಿಗೆ ಬಂದಾಗ ಪೆನ್ಸಿಲ್ ಕೈಗೆತ್ತಿಕೊಂಡೆ.

ನೀವು ನೆಚ್ಚಿಕೊಂಡಿರುವುದು ನರವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಅಲ್ಲಿ ನಡೆದದ್ದಿಷ್ಟು: ತಲೆಗೆ ವಿದ್ಯುದ್ವಾರ ಅಂಟಿಸಿಕೊಂಡವರು ಗಡಿಯಾರದಂಥ ಫಲಕದ ಮೇಲೆ ಸುತ್ತುವ ಬೆಳಕಿನ ಚುಕ್ಕೆಯನ್ನು ನೋಡುತ್ತ ಕೂರುತ್ತಾರೆ. ಮನಸ್ಸು ಬಂದಾಗ ಮಣಿಕಟ್ಟನ್ನು ಆಡಿಸಬೇಕು. ಮನಸ್ಸು ಬಂದ ಕ್ಷಣದಲ್ಲಿ ಚುಕ್ಕೆ ಎಲ್ಲಿತ್ತೆಂದು ಆಮೇಲೆ ಹೇಳಬೇಕು. ಕೈ ಆಡುವುದಕ್ಕೆ ಸುಮಾರು 550 ಮಿಲಿಸೆಕೆಂಡು ಮೊದಲೇ ಮಿದುಳಿನಲ್ಲಿ ವಿದ್ಯುತ್ ಏರಿಕೆ ಶುರುವಾಗಿತ್ತು. ‘ಈಗ ಆಡಿಸೋಣ’ ಎಂಬ ಅರಿವು ಮೂಡಿದ್ದು ಸುಮಾರು 200 ಮಿಲಿಸೆಕೆಂಡು ಮೊದಲು. ಅಂದರೆ ನಮ್ಮ ಅರಿವಿಗೆ ಬರುವ ಮುಂಚೆಯೇ ಮಿದುಳು ತೀರ್ಮಾನಿಸಿಬಿಟ್ಟಿತ್ತು ಎಂಬುದು ನಿಮ್ಮ ವಾದ.

ಆದರೆ 2012ರಲ್ಲಿ ನರವಿಜ್ಞಾನಿ ಆರನ್ ಶುರ್ಗರ್ ಮತ್ತು ಸಂಗಡಿಗರು ಅದೇ ಏರಿಕೆಗೆ ಬೇರೆ ಅರ್ಥ ಹೇಳಿದರು. ಮಿದುಳಿನಲ್ಲಿ ಸದಾ ನಡೆಯುವ ಗೊತ್ತುಗುರಿಯಿಲ್ಲದ ಏರಿಳಿತ ಒಂದು ಮಿತಿ ದಾಟಿದಾಗ ಕೈ ಆಡುತ್ತದೆ. ಆಡಿದ ಕ್ಷಣದಿಂದ ಹಿಂದಕ್ಕೆ ಎಣಿಸಿ ಅನೇಕ ಸಲದ ಸರಾಸರಿ ತೆಗೆದರೆ ಅದು ಏರುತ್ತ ಬಂದಂತೆಯೇ ಕಾಣುತ್ತದೆ. ಹಾಗಿದ್ದರೆ ಅದನ್ನು ಮೊದಲೇ ಆಗಿಹೋದ ತೀರ್ಮಾನ ಎನ್ನುವಂತಿಲ್ಲ. ಅದೂ ಇರಲಿ. ಕಾರಣವೇ ಇಲ್ಲದೆ ಮಣಿಕಟ್ಟು ಆಡಿಸುವುದು ಯಾವ ಸೀಮೆಯ ಆಯ್ಕೆ? ಕೆಲಸ ಬಿಡಲೋ ಬೇಡವೋ ಎಂದು ತಿಂಗಳುಗಟ್ಟಲೆ ನಿದ್ದೆಗೆಡುವವರ ಪಾಡು ಅದರಲ್ಲಿ ಎಲ್ಲಿದೆ? (ಕೊನೆಯ ಗಳಿಗೆಯಲ್ಲಿ ‘ಬೇಡ’ ಎನ್ನುವ ಶಕ್ತಿ ನಮಗಿದೆ ಎಂದು ಲಿಬೆಟ್ ಅವರೇ ವಾದಿಸಿದ್ದರು. ಅದನ್ನು ನೀವು ಜಾಣತನದಿಂದ ಬಿಟ್ಟಿದ್ದೀರಿ.)

ಇನ್ನೊಂದು ತಕರಾರು. ಆಗುವುದೆಲ್ಲ ಹಿಂದಿನ ಕಾರಣಗಳಿಂದಲೇ ಆಗುತ್ತದೆ ಎನ್ನುವ ನಿಯತಿವಾದಕ್ಕೂ ಹಣೆಬರಹಕ್ಕೂ ಗಂಟು ಹಾಕಿದ್ದೀರಿ. ಫ್ರೆಂಚ್ ಗಣಿತಜ್ಞ ಲ್ಯಾಪ್ಲಾಸ್ 1814ರಲ್ಲಿ ಕಲ್ಪಿಸಿದ ಸರ್ವಜ್ಞ ಬುದ್ಧಿಗೆ ಎಲ್ಲ ಬಲಗಳೂ ಎಲ್ಲ ವಸ್ತುಗಳ ನೆಲೆಯೂ ಗೊತ್ತು. ಹಾಗಾಗಿ ನಾಳೆಯೂ ಗೊತ್ತು. ಆದರೆ ಆ ನಾಳೆಯ ಕಾರಣಗಳ ಸಾಲಿನಲ್ಲಿ ನಿಮ್ಮ ಯೋಚನೆಯೂ ಒಂದು. ಹಣೆಬರಹದ ಕಥೆಯಲ್ಲಿ ಏನೇ ಮಾಡಿದರೂ ಆಗುವುದು ಆಗಿಯೇ ತೀರುತ್ತದೆ; ನಿಯತಿವಾದ ಅಷ್ಟು ದೂರ ಹೋಗುವುದಿಲ್ಲ. ಸಂಕೋಲೆ ತೊಡಿಸಿಲ್ಲದವರು ತಮ್ಮ ಇಚ್ಛೆಯಂತೆ ನಡೆದರೆ ಅದೇ ಸ್ವಾತಂತ್ರ್ಯ ಎಂದು ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲೇ ಬರೆದಿದ್ದರು. ಆ ಇಚ್ಛೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಅಷ್ಟಕ್ಕೇ ತೀರುವುದಿಲ್ಲ, ನಿಜ. ನನ್ನ ಕಾಲು ಸಿಕ್ಕಿಕೊಂಡಿರುವುದೂ ಅಲ್ಲೇ. ಹಾಗೆಂದು, ಅತಿ ಸೂಕ್ಷ್ಮ ಕಣಗಳ ಲೋಕದಲ್ಲಿ ಆಕಸ್ಮಿಕಕ್ಕೂ ಜಾಗವಿದೆ ಎನ್ನುವ ಕ್ವಾಂಟಮ್ ಭೌತಶಾಸ್ತ್ರವನ್ನು ಕರೆತಂದು ಪಾರಾಗಲು ನೋಡಬೇಡಿ. ಆಕಸ್ಮಿಕವಾಗಿ ಆದದ್ದೂ ನನ್ನ ಆಯ್ಕೆಯಲ್ಲ.

ಕೊನೆಯ ಪುಟದಲ್ಲಿ ಮೋಸ ಮಾಡಿದವನನ್ನು ‘ಅವನ ಕೈಯಲ್ಲೇನಿತ್ತು’ ಎಂದು ಒಂದೇ ಸಾಲಿನಲ್ಲಿ ಬಿಟ್ಟುಕೊಟ್ಟಿದ್ದೀರಿ. ಅವನಿಗೆ ಒಂದು ಪುಟವನ್ನಾದರೂ ಕೊಡಿ: ಅವನ ಎದುರಿಗೆ ಏನೇನಿತ್ತು, ಯಾವುದನ್ನು ತೂಗಿ ನೋಡಿದ, ಯಾವುದನ್ನು ಕಂಡೂ ಕಾಣದಂತೆ ಇದ್ದ. ತಿದ್ದಿದ ಪ್ರತಿ ಕಳುಹಿಸಿ, ಓದುತ್ತೇನೆ.